ಮುಷ್ಕರ ಹಿಂತೆಗೆದ ಮಧ್ಯಾಹ್ನ

ರೂವಿ

ಒಂದು ಗಜ ರೈಲು ಹಳಿಯೂ ಇಲ್ಲದ ದೇಶದಲ್ಲಿ ಕುಳಿತು ರೈಲು ಮುಷ್ಕರಕ್ಕೆ ಹೆದರಿದ ಗಂಡ ಹೆಂಡತಿ ಎಂದರೆ ನಾವಿಬ್ಬರೇ ಇರಬೇಕು. ಆಗ ನಾವಿದ್ದದ್ದು ಒಮಾನಿನ ರೂವಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಫ್ಲ್ಯಾಟಿನಲ್ಲಿ. ನನ್ನ ಗಂಡ ಆಲ್ಫೋನ್ಸ್ ಮುದ್ರಣ ಯಂತ್ರ ಮಾರುವ ಕಂಪನಿಯಲ್ಲಿ ರಿಪೇರಿ ವಿಭಾಗದ ಸೂಪರ್‌ವೈಸರ್. ನಾನು ಒಂದು ಕ್ಲಿನಿಕ್ಕಿನ ರಿಸೆಪ್ಶನಿಸ್ಟ್. ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲ ಕಂಪನಿ ಇವರನ್ನು ಹೊಸ ಯಂತ್ರದ ತರಬೇತಿಗೆ ಜರ್ಮನಿಯ ಮ್ಯೂನಿಕ್‌ಗೆ ಕಳಿಸುವುದೆಂದಾಯಿತು. ತರಬೇತಿಯ ನಂತರ ಕೆಲವು ದಿನ ರಜೆ. ಆ ಸುದ್ದಿ ತಂದ ಸಂಜೆ ಇವರು ಶೂ ಬಿಚ್ಚುವ ಮೊದಲೇ ಹೇಳಿದರು, "ಲಿಲ್ಲಿ, ನೀನೂ ಬಾ. ಅಲ್ಲಿಂದ ರೈಲಿನಲ್ಲಿ ನಿನ್ನ ಬಾಯಿಯ ಹತ್ತಿರ ಹೋಗಿ ಬರುವ."

ನಮ್ಮ ಕೊಂಕಣಿಯಲ್ಲಿ ಬಾಯಿ ಎಂದರೆ ಅಕ್ಕ. ನನ್ನ ಅಕ್ಕ ಉಡುಪಿ ಕಡೆಯ ನಮ್ಮ ಊರಿನಿಂದ, ಇನ್ನೂ ಲಂಗ ದಾವಣಿ ಉಡುವ ವಯಸ್ಸಿನಲ್ಲಿ, ಕಾನ್ವೆಂಟ್ ಸೇರಿ ಸಿಸ್ಟರ್, ಅಂದರೆ ಸನ್ಯಾಸಿನಿ, ಆಗಲೆಂದು ಇಟಲಿಗೆ ಹೋದವಳು. ಆಗ ನಾನು ಎರಡನೇ ಕ್ಲಾಸು. ಆಮೇಲೆ ಅವಳು ಊರಿಗೆ ಬಂದದ್ದು ಒಂದೇ ಸಲ, ಅಪ್ಪ ತೀರಿಕೊಂಡಾಗ. ಆ ಸಲ ನನಗೆ ಒಮಾನಿನಿಂದ ರಜೆ ಸಿಗಲಿಲ್ಲ. ಹಾಗಾಗಿ ನನ್ನ ಪಾಲಿಗೆ ಅಕ್ಕ ಎಂದರೆ ಗೋಡೆಯ ಮೇಲಿನ ಫೋಟೋ, ಮತ್ತೆ ಕ್ರಿಸ್‌ಮಸ್ಸಿಗೆ ಬರುವ ಕಾರ್ಡು. ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದೇನೆ ಎಂದು ಅವಳು ಬರೆಯುತ್ತಿದ್ದಳು. ಅಮ್ಮ ಅದನ್ನು ನೆರೆಕರೆಯವರಿಗೆ, "ನಮ್ಮ ದೊಡ್ಡವಳು ಇಟಲಿಯಲ್ಲಿ ನರ್ಸು" ಎಂದು ಹೇಳುತ್ತಿದ್ದಳು.

ಹೊರಡುವುದು ನಿಶ್ಚಯವಾದದ್ದೇ ಇವರಿಗೆ ಮುಷ್ಕರದ ಹುಚ್ಚು ಹಿಡಿಯಿತು. ಯುರೋಪಿನಲ್ಲಿ ರೈಲಿನವರು ಯಾವಾಗ ಬೇಕಾದರೂ ಕೆಲಸ ನಿಲ್ಲಿಸುತ್ತಾರೆ ಎಂದು ಕಂಪನಿಯ ಜರ್ಮನ್ ಎಂಜಿನಿಯರ್ ತಮಾಷೆಗೆ ಹೇಳಿದ್ದನಂತೆ. ಇವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಅವನ ಹತ್ತಿರವಿದ್ದ ಯುರೋಪಿನ ರೈಲುಗಳ ದಪ್ಪ ವೇಳಾಪಟ್ಟಿಯನ್ನು ತಂದು ಊಟದ ಮೇಜಿನ ಮೇಲೆ ಹರಡಿದರು. ಇಟಲಿಯಲ್ಲಿ ಮುಷ್ಕರವಾದರೆ ಸ್ವಿಟ್ಜರ್‌ಲ್ಯಾಂಡಿನ ದಾರಿ, ಅಲ್ಲೂ ಆದರೆ ಬಸ್ಸು, ಬಸ್ಸಿನವರೂ ನಿಲ್ಲಿಸಿದರೆ ಮತ್ತೊಂದು. ಮುಷ್ಕರಕ್ಕೆ ಜರ್ಮನ್ನಿನಲ್ಲಿ ಶ್ಟ್ರೈಕ್, ಇಟಾಲಿಯನ್ನಿನಲ್ಲಿ ಶೋಪೆರೋ ಎಂದು ಸ್ನಾನದ ಮನೆಯಲ್ಲೂ ಬಾಯಿಪಾಠ. ಅಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತರೂ ಅದೇ ಮಾತು. ಪಕ್ಕದ ಫ್ಲ್ಯಾಟಿನ ಮೈಸೂರಿನ ರಾವ್ ಅವರು ಒಮ್ಮೆ ನಕ್ಕೇಬಿಟ್ಟರು. "ಏನ್ರೀ ಆಲ್ಫೋನ್ಸ್, ನಮಗೆ ಇಲ್ಲಿ ಗಟ್ಟಿಯಾಗಿ ಕೆಮ್ಮೋಕೂ ವೀಸಾ ಕೊಟ್ಟ ಧಣಿ, ಆ ಕಫೀಲನ ಪರ್ಮಿಶನ್ ಬೇಕು. ನೀವು ನೋಡಿದರೆ ಯಾರೋ ಮಾಡೋ ಮುಷ್ಕರಕ್ಕೆ ನಿದ್ದೆ ಕೆಡಿಸಿಕೊಂಡಿದೀರಲ್ಲ!"

ಇವರ ಭಯಕ್ಕೆ ಕಾರಣವೂ ಇತ್ತು. ಮ್ಯೂನಿಕ್‌ನಿಂದ ಹೊರಡುವ ಶುಕ್ರವಾರ ರಾತ್ರಿಯ ವಿಮಾನ ತಪ್ಪಿದರೆ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಿಲ್ಲ. ರಜೆ ಮೀರಿ ಊರಿನಲ್ಲಿ ಉಳಿದ ಇವರ ಜೊತೆಯ ಫಿಟ್ಟರ್ ಒಬ್ಬನಿಗೆ ಹಿಂದಿನ ವರ್ಷವಷ್ಟೇ ಕೆಲಸ ಖಲಾಸ್ ಆಗಿತ್ತು. ಅವನ ಸೂಟ್‌ಕೇಸನ್ನು ಇವರೇ ಕಟ್ಟಿ ಊರಿಗೆ ಕಳಿಸಿಕೊಟ್ಟಿದ್ದರು.

ಬ್ರೆನ್ನರ್ ದಾಟುವಾಗ

ಮ್ಯೂನಿಕ್‌ನಿಂದ ಇಟಲಿಯ ವೆರೋನಾಗೆ ಹೋಗುವ ರೈಲು ಆಸ್ಟ್ರಿಯಾದ ಬೆಟ್ಟಗಳನ್ನು ಹತ್ತಿ ಇಳಿಯುತ್ತದೆ. ಕಿಟಕಿಯ ಹೊರಗೆ ಹಿಮ, ಒಳಗೆ ಆರು ಜನರ ಡಬ್ಬಿಯಲ್ಲಿ ನಾವಿಬ್ಬರು, ಹೆಣಿಗೆ ಹಾಕುತ್ತಿದ್ದ ಒಬ್ಬ ಹೆಂಗಸು, ಸೇಬನ್ನು ಚಾಕುವಿನಿಂದ ಸುಲಿದು ತಿನ್ನುತ್ತಿದ್ದ ಒಬ್ಬ ಮುದುಕ. ನಮ್ಮ ಸೂಟ್‌ಕೇಸುಗಳನ್ನು ಇವರು ಊರಿನ ರೈಲಿನಲ್ಲಿ ಮಾಡುವ ಹಾಗೆ ಸೀಟಿನ ಕಾಲಿಗೆ ಸರಪಳಿ ಬಿಗಿದು ಬೀಗ ಹಾಕಿದ್ದರು. ಹೆಣಿಗೆಯ ಹೆಂಗಸು ಸರಪಳಿಯನ್ನು ನೋಡಿದಳು, ತನ್ನ ಕೈಚೀಲವನ್ನು ನೋಡಿಕೊಂಡಳು, ಆಮೇಲೆ ನಮ್ಮನ್ನು ನೋಡಿದಳು. ಅವಳನ್ನೇ ನಾವು ಕಳ್ಳಿ ಎಂದ ಹಾಗಾಯಿತಲ್ಲ ಎಂದು ನನಗೆ ಎಲ್ಲಿ ಮುಖ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಇಟಲಿಯ ಗಡಿ ಬ್ರೆನ್ನರ್‌ನಲ್ಲಿ ಪೊಲೀಸರು ಹತ್ತಿದರು. ನಮ್ಮ ಪಾಸ್‌ಪೋರ್ಟು ತಿರುಗಿಸಿ ನೋಡಿ, ಪೆಟ್ಟಿಗೆ ತೆಗೆಯಿರಿ ಎಂದು ಸನ್ನೆ ಮಾಡಿದರು. ಬೀಗದ ಕೈ ಸಿಗಲಿಲ್ಲ. ಇವರು ಪ್ಯಾಂಟಿನ ಜೇಬು, ಕೋಟಿನ ಜೇಬು, ನನ್ನ ಪರ್ಸು ಎಲ್ಲ ತಡಕಾಡಿದರು. ಅಕ್ಕಪಕ್ಕದ ಡಬ್ಬಿಯವರು ಬಂದು ಇಣುಕಿದರು. ಕೊನೆಗೆ ಅದು ಇವರ ಕಾಲುಚೀಲದೊಳಗೆ ಸಿಕ್ಕಿತು. ಪೆಟ್ಟಿಗೆಯಲ್ಲಿದ್ದದ್ದು ರೂವಿಯಿಂದ ಅಕ್ಕನಿಗೆಂದು ತಂದ ಹಲ್ವಾ, ಖರ್ಜೂರ, ಲೋಬಾನ, ಮತ್ತೆ ಅಮ್ಮ ಕಳಿಸಿಕೊಟ್ಟ ಮಿಡಿ ಉಪ್ಪಿನಕಾಯಿ. ಪೊಲೀಸಿನವನು ಲೋಬಾನವನ್ನು ಮೂಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ನಕ್ಕು ಹೋದ. ಅಷ್ಟಾದರೂ ಇವರು ಬಿಡಲಿಲ್ಲ. ಅವನ ಹಿಂದೆಯೇ ಬಾಗಿಲ ತನಕ ಹೋಗಿ ಕೇಳಿದರು, "ಶೋಪೆರೋ?" ಅವನು ಹೆಗಲು ಕುಣಿಸಿದ. ಆ ದೇಶದಲ್ಲಿ ಅರ್ಧ ಪ್ರಶ್ನೆಗಳಿಗೆ ಉತ್ತರ ಅದೇ ಎಂದು ಆಮೇಲೆ ತಿಳಿಯಿತು.

ಕಾನ್ವೆಂಟಿನಲ್ಲಿ

ವೆರೋನಾದಿಂದ ಸಣ್ಣ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಅಕ್ಕನ ಊರು. ನಾವು ಇಳಿದದ್ದು ಬುಧವಾರ ಮಧ್ಯಾಹ್ನ. ಅಂಗಡಿಗಳೆಲ್ಲ ಬಾಗಿಲು ಹಾಕಿ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಒಂದು ಗಂಟೆಗೆ ಮುಚ್ಚಿ ನಾಲ್ಕಕ್ಕೆ ತೆರೆಯುವ ರೂವಿಯ ಅಂಗಡಿಗಳು ನೆನಪಾಗಿ ನನಗೆ ಸ್ವಲ್ಪ ಧೈರ್ಯ ಬಂತು. ಇವರ ಧೈರ್ಯ ಮಾತ್ರ ಅಲ್ಲಿಯೇ, ಸ್ಟೇಷನ್ನಿನ ಗೋಡೆಯ ಮುಂದೆ, ಇಳಿದುಹೋಯಿತು. ಅಲ್ಲೊಂದು ಅಚ್ಚಾದ ಕಾಗದ ಅಂಟಿಸಿದ್ದರು. ಇವರು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಪದ ಅದರ ನೆತ್ತಿಯ ಮೇಲಿತ್ತು. ಗುರುವಾರ ರಾತ್ರಿ ಒಂಬತ್ತರಿಂದ ಶುಕ್ರವಾರ ರಾತ್ರಿ ಒಂಬತ್ತರವರೆಗೆ ಮುಷ್ಕರ.

"ನಾನು ಹೇಳಿರಲಿಲ್ಲವಾ?" ಎಂದರು. ದನಿಯಲ್ಲಿ ಹೆದರಿಕೆ ಇತ್ತು. ಅದರ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು.

ಕಾನ್ವೆಂಟಿನಲ್ಲಿ ನಮ್ಮನ್ನು ಕೂರಿಸಿದ್ದು ಅತಿಥಿಗಳ ಕೋಣೆಯಲ್ಲಿ. ಮೇಣ ತಿಕ್ಕಿದ ನೆಲ, ಎತ್ತರದ ಬೆನ್ನಿನ ಕುರ್ಚಿಗಳು. ಬಾಗಿಲು ತೆರೆದು ಅಕ್ಕ ಬಂದಳು. ಫೋಟೋದಲ್ಲಿದ್ದ ಮುಖವೇ, ಆದರೆ ಕುಳ್ಳಗಾದ ಹಾಗೆ, ಅಗಲವಾದ ಹಾಗೆ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಉಡುಪು. ನಾವು ತಬ್ಬಿಕೊಂಡೆವು. ಅತ್ತೆವು. ಅಳು ಮುಗಿದ ಮೇಲೆ ಏನು ಮಾತಾಡುವುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವಳ ಕೊಂಕಣಿ ಜಪ ಓದುವ ಹಾಗೆ ನಿಧಾನವಾಗಿತ್ತು. "ಪ್ರಯಾಣ ಒಳ್ಳೆದಾಯ್ತಾ? ಅಮ್ಮ ಸೌಖ್ಯವಾ? ದನ ಎಷ್ಟುಂಟು?" ದನ ಮಾರಿ ಹತ್ತು ವರ್ಷವಾಗಿತ್ತು. ನಾನು ಎರಡು ಉಂಟು ಎಂದೆ.

ರಾತ್ರಿಯ ಊಟಕ್ಕೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಬಂದು ನಮ್ಮೊಡನೆ ಕುಳಿತರು. ಉದ್ದನೆಯ, ಬೆಳ್ಳಿ ಕೂದಲಿನ ಹೆಂಗಸು. ನಮಗೆಂದು ಅಕ್ಕನಿಗೆ ಗುರುವಾರ ಇಡೀ ದಿನ ಬಿಡುವು ಕೊಟ್ಟಿದ್ದೇನೆ, ಹತ್ತಿರದ ಸರೋವರಕ್ಕೆ ಹೋಗಿ ಬನ್ನಿ ಎಂದರು. ಅಕ್ಕ ಅದನ್ನು ನಮಗೆ ಹೇಳುವಾಗ ಅವಳ ಮುಖ ಅರಳಿತ್ತು. ಇವರು ಚಮಚ ಕೆಳಗಿಟ್ಟು, ಅದಾಗುವುದಿಲ್ಲ, ಮುಷ್ಕರ ಉಂಟು, ನಾವು ನಾಳೆ ಬೆಳಿಗ್ಗೆಯೇ ಹೊರಟು ಮಧ್ಯಾಹ್ನದ ಗಾಡಿಯಲ್ಲಿ ಗಡಿ ದಾಟಬೇಕು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು.

"ನಮ್ಮ ಒಮಾನಿನಲ್ಲಿ ಇಂಥದ್ದೆಲ್ಲ ಇಲ್ಲ," ಎಂದು ಮುಂದುವರಿಸಿದರು. "ಕೆಲಸ ನಿಲ್ಲಿಸಿದರೆ ಖಲಾಸ್, ನಾಳೆಯ ವಿಮಾನಕ್ಕೆ ಮನೆಗೆ. ಇಲ್ಲಿ ಜನರಿಗೆ ಸೋಮಾರಿತನ ಜಾಸ್ತಿಯಾಗಿದೆ. ಸಿಸ್ಟರ್, ಮದರಿಗೆ ಹೇಳಿ."

ಅಕ್ಕ ಹೇಳಲಿಲ್ಲ. ತಟ್ಟೆ ನೋಡುತ್ತ ಕುಳಿತಳು. ಮದರ್ ಏನೆಂದು ಕೇಳಿದರು. ಇವರು, "ಹೇಳಿ, ಹೇಳಿ" ಎಂದರು. ಅವಳು ಸಣ್ಣ ದನಿಯಲ್ಲಿ ಏನೋ ಹೇಳಿದಳು. ಮದರ್ ಬಾಯಿ ಒರೆಸಿಕೊಂಡು, ಕೋಪವಿಲ್ಲದೆ ಎರಡು ಮಾತಾಡಿದರು. ಅದನ್ನು ಅಕ್ಕ ನನ್ನ ಕಡೆ ತಿರುಗಿ ಹೇಳಿದಳು, ಇವರ ಕಡೆಗಲ್ಲ. "ಮದರಿನ ತಮ್ಮ ರೈಲ್ವೆಯಲ್ಲಿ ಗಾರ್ಡ್. ನಾಳೆ ರಾತ್ರಿಯಿಂದ ಅವನೂ ಮುಷ್ಕರದಲ್ಲಿರುತ್ತಾನೆ. ಅವನಿಂದ ನಿಮಗೆ ತೊಂದರೆಯಾದ್ದಕ್ಕೆ ಅವನ ಪರವಾಗಿ ಕ್ಷಮೆ ಕೇಳುತ್ತಾರೆ."

 ಇವರು ಮತ್ತೆ ಚಮಚ ಕೈಗೆತ್ತಿಕೊಂಡರು. ನನ್ನ ಕಿವಿ ಸುಡುತ್ತಿತ್ತು. ಅದಕ್ಕಿಂತ ಹೆಚ್ಚಿನ ನಾಚಿಕೆ ಮಲಗಿದ ಮೇಲೆ ಬಂತು. ನಾಳೆ ಇಡೀ ದಿನ ಅಕ್ಕನ ಜೊತೆ ಏನು ಮಾತಾಡುವುದು ಎಂಬ ಚಿಂತೆ ನನಗಿತ್ತು. ಮುಷ್ಕರದಿಂದ ಅದು ತಪ್ಪಿತಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ಹಗುರಾಗಿತ್ತು. ಇವರ ಮಾತಿಗೆ ನಾನು ಎದುರಾಡದಿದ್ದದ್ದು ಅದಕ್ಕೇ.

ಬೆಳಿಗ್ಗೆ ಗೇಟಿನ ಹತ್ತಿರ ಅಕ್ಕ ಕೈಬೀಸಿದಳು. ಅಂದಿನ ಬಿಡುವು ಬೇಡವೆಂದು ಅವಳೇ ಮದರಿಗೆ ಹೇಳಿಬಿಟ್ಟಿದ್ದಳು.

ವೆರೋನಾ ಸ್ಟೇಷನ್

ಮ್ಯೂನಿಕ್ ಗಾಡಿಗೆ ಇನ್ನೂ ಹೊತ್ತಿತ್ತು. ದೊಡ್ಡ ಸ್ಟೇಷನ್ನಿನ ಬೆಂಚಿನ ಮೇಲೆ ಪೆಟ್ಟಿಗೆಗಳ ನಡುವೆ ಕುಳಿತಿದ್ದೆವು. ಧ್ವನಿವರ್ಧಕದಲ್ಲಿ ಏನೋ ಹೇಳಿದರು. ಅದರಲ್ಲಿ ಶೋಪೆರೋ ಕೇಳಿಸಿತು. ಇವರು ಎದ್ದು ವಿಚಾರಣೆಯ ಕಿಂಡಿಗೆ ಓಡಿದರು. ಹಿಂದೆ ಬರುವಾಗ ಓಡಲಿಲ್ಲ.

"ಎಂತ ಆಯಿತು?"

"ಇಲ್ಲವಂತೆ."

"ಎಂತ ಇಲ್ಲ?"

"ಮುಷ್ಕರ. ಹಿಂದೆ ತೆಗೆದರಂತೆ. ಮಾತುಕತೆ ಆಯಿತಂತೆ. ನಾಳೆ ಎಲ್ಲ ಗಾಡಿ ಉಂಟು." ಬೆಂಚಿನ ಮೇಲೆ ಕುಳಿತು ನೆಲ ನೋಡಿದರು. "ಇಲ್ಲಿ ಹೀಗೆಯೇ ಅಂತೆ. ಎಷ್ಟೋ ಸಲ ಕೊನೆ ಗಳಿಗೆಯಲ್ಲಿ ಬಿಡುತ್ತಾರಂತೆ. ಆ ಕಿಂಡಿಯ ಹುಡುಗಿ ನಗುತ್ತಾಳೆ."

ನನಗೆ ಗೇಟಿನಲ್ಲಿ ನಿಂತಿದ್ದ ಅಕ್ಕ ಕಣ್ಣಿಗೆ ಕಟ್ಟಿದಳು. ಅರಳಿದ ಮುಖ ಅಷ್ಟು ಬೇಗ ಮಡಚಿಕೊಂಡದ್ದು ನೆನಪಾಯಿತು. ಅವಳು ಯಾರ ಹತ್ತಿರವೂ ಏನೂ ಕೇಳದೆ ಬದುಕಿದವಳು. ಎಷ್ಟೋ ವರ್ಷಕ್ಕೊಮ್ಮೆ ಸಿಕ್ಕಿದ ಒಂದು ದಿನವನ್ನು ನಾವು ಬಂದು ಕಸಿದುಕೊಂಡು ಹೊರಟಿದ್ದೆವು.

"ನಾನು ಹಿಂದೆ ಹೋಗುತ್ತೇನೆ," ಎಂದೆ.

"ಮರುಳಾ ನಿನಗೆ? ಈಗ ಹಿಂದೆ ತೆಗೆದವರು ಸಂಜೆಗೆ ಮತ್ತೆ ಶುರುಮಾಡಿದರೆ? ಈ ಗಾಡಿ ಹತ್ತುವ ಮಾರಾಯ್ತಿ."

"ನೀವು ಹತ್ತಿ. ನಾನು ಹೋಗುತ್ತೇನೆ."

ಮದುವೆಯಾದ ಮೇಲೆ ಇವರ ಮಾತಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಇವರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬಂದದ್ದು ಬೇರೆ. "ಹೋಗು," ಎಂದರು. "ನಾಳೆ ಬೆಳಿಗ್ಗೆಯ ಗಾಡಿಗೇ ಹೋಗುವ, ಆದದ್ದಾಗಲಿ. ಆದರೆ ನಾನು ಬರುವುದಿಲ್ಲ ಲಿಲ್ಲಿ. ಆ ಮದರಿನ ಎದುರು ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ. ನಾನು ಪೆಟ್ಟಿಗೆ ಕಾಯುತ್ತೇನೆ. ಇಲ್ಲಿಯೇ ಎಲ್ಲಾದರೂ ರೂಮು ನೋಡುತ್ತೇನೆ."

ಪರದೇಶದ ರೈಲಿನಲ್ಲಿ ಒಬ್ಬಳೇ ಹತ್ತಿದೆ. ಅಲ್ಲಿ ಹತ್ತುವ ಮೊದಲು ಟಿಕೆಟ್ಟನ್ನು ಹಳದಿ ಪೆಟ್ಟಿಗೆಯೊಂದಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಅದನ್ನು ಎರಡು ಸಲವೂ ಇವರೇ ಮಾಡಿದ್ದರು, ನನಗೆ ನೆನಪಾಗಲಿಲ್ಲ. ಟಿಕೆಟ್ ನೋಡುವವನು ಬಂದು ನನ್ನ ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿದಾಗಲೇ ಅದು ಹೊಳೆದದ್ದು. ಅವನು ಏನೋ ಕೇಳುತ್ತಿದ್ದ, ಡಬ್ಬಿಯವರೆಲ್ಲ ಪತ್ರಿಕೆ ಇಳಿಸಿ ನೋಡುತ್ತಿದ್ದರು. ನನಗೆ ಬಂದದ್ದು ಒಂದೇ ಮಾತು, "ಸಿಸ್ಟರ್". ಕಾನ್ವೆಂಟಿನ ಊರಿನ ಹೆಸರು ಹೇಳಿ, ನನ್ನ ಎದೆ ಮುಟ್ಟಿ, ಮತ್ತೆ ಸಿಸ್ಟರ್ ಎಂದೆ. ಎದುರಿನ ಹೆಂಗಸೊಬ್ಬಳು ಅವನಿಗೆ ವಿವರಿಸಿದಳು. ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಟಿಕೆಟ್ಟಿನ ಮೇಲೆ ತಾನೇ ತಾರೀಖು ಬರೆದು, ಟೋಪಿ ಮುಟ್ಟಿ ಮುಂದೆ ಹೋದ. ನಿನ್ನೆ ಊಟದ ಮೇಜಿನಲ್ಲಿ ನಾವು ಸೋಮಾರಿಗಳೆಂದದ್ದು ಇಂಥವರನ್ನೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಮತ್ತೆ ಕಾನ್ವೆಂಟಿಗೆ

ಗೇಟು ಕಾಯುವ ಮುದುಕಿ ನನ್ನನ್ನು ನೋಡಿ ಗಾಬರಿಯಾದಳು. ಅತಿಥಿಗಳ ಕೋಣೆಯ ಕಡೆ ಕೈ ತೋರಿಸಿದಳು. ನಾನು ಅಕ್ಕನ ಹೆಸರು ಹೇಳಿದ್ದಕ್ಕೆ ಸ್ವಲ್ಪ ಯೋಚಿಸಿ ಹಿತ್ತಲ ಕಡೆ ಕರೆದುಕೊಂಡು ಹೋದಳು. ಕಾನ್ವೆಂಟಿಗೆ ಹೊಂದಿಕೊಂಡು ಮುದುಕರ ಆಸ್ಪತ್ರೆಯಿತ್ತು. ಅದರ ನೆಲಮಾಳಿಗೆಯ ಬಾಗಿಲು ತೆರೆದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು.

ಸೋಪಿನ ವಾಸನೆ, ದೊಡ್ಡ ಯಂತ್ರಗಳ ಗುಡುಗು, ಗುಡ್ಡೆ ಬಿದ್ದ ಹಾಸಿಗೆ ಬಟ್ಟೆ. ನಡುವೆ ಅಕ್ಕ. ತಲೆಗೆ ಒಂದು ತುಂಡು ಬಟ್ಟೆ, ರಬ್ಬರ್ ಬೂಟು, ಮೊಣಕೈ ತನಕ ಮಡಚಿದ ತೋಳು. ನನ್ನನ್ನು ಕಂಡವಳು ಒದ್ದೆ ಚಾದರವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು.

"ಯಾಕೆ ಬಂದೆ ನೀನು?"

"ಮುಷ್ಕರ ಇಲ್ಲ ಬಾಯಿ."

"ಮೇಲೆ ಹೋಗು. ಆ ಕೋಣೆಯಲ್ಲಿ ಕೂತುಕೋ. ನಾನು ಉಡುಪು ಬದಲಿಸಿ ಬರುತ್ತೇನೆ."

ನಾನು ಹೋಗಲಿಲ್ಲ. ಹೋದರೆ ಮತ್ತೆ ದನ ಎಷ್ಟುಂಟು ಎಂಬಲ್ಲಿಗೇ ಬರುತ್ತೇವೆ ಎಂದು ಗೊತ್ತಿತ್ತು. ಚೀಲ ಕೆಳಗಿಟ್ಟೆ. ಒಣಗಿದ ಚಾದರದ ರಾಶಿಯಿಂದ ಒಂದನ್ನು ತೆಗೆದು ಒಂದು ತುದಿ ಅವಳತ್ತ ಚಾಚಿದೆ. ಅವಳು ನಿಂತೇ ಇದ್ದಳು. ಆಮೇಲೆ ಬಂದು ಹಿಡಿದಳು. ಎಳೆದೆವು, ಕೊಡವಿದೆವು, ಮಡಚಿದೆವು. ಮೂರನೆಯದೋ ನಾಲ್ಕನೆಯದೋ ನನ್ನ ಕೈಯಿಂದ ಜಾರಿತು.

"ಮೂಲೆ ಸರಿ ಹಿಡಿ ಪೊಟ್ಟೇ!" ಎಂದು ಗದರಿದಳು.

ಅದು ಜಪದ ಕೊಂಕಣಿಯಲ್ಲ. ನಮ್ಮ ಅಂಗಳದ ಕೊಂಕಣಿ. ಅಕ್ಕ ದೇಶ ಬಿಟ್ಟ ವಯಸ್ಸಿನಲ್ಲೇ ಅವಳ ಭಾಷೆ ನಿಂತಿತ್ತು. ದೊಡ್ಡವರ ಮಾತು ಅದರಲ್ಲಿ ಇರಲಿಲ್ಲ, ಬೈಗುಳ ಮಾತ್ರ ಹಾಗೆಯೇ ಹಸಿರಾಗಿತ್ತು. ನನಗೆ ನಗು ಬಂತು. ಅವಳು ನಗಲಿಲ್ಲ.

"ನರ್ಸು ಅಂತ ನಾನು ಯಾವತ್ತೂ ಬರೆಯಲಿಲ್ಲ," ಎಂದಳು. "ಆಸ್ಪತ್ರೆ ಅಂತ ಬರೆದೆ. ಅಮ್ಮ ನರ್ಸು ಮಾಡಿಕೊಂಡಳು. ಊರಿಗೆ ಬಂದಾಗ ಪಾದ್ರಿಗಳು ಇಗರ್ಜಿಯ ಪ್ರಸಂಗದಲ್ಲೂ ಹೇಳಿದರು. ಮತ್ತೆ ಹೇಗೆ ತಿದ್ದುವುದು?"

"ನಿನಗೆ ಓದಲಿಕ್ಕೆ ಕೊಡಲಿಲ್ಲವಾ?"

"ಕೊಟ್ಟರು. ಆಗ ನನ್ನ ತಲೆಗೆ ಇಟಾಲಿಯನ್ ಹತ್ತಲಿಲ್ಲ. ಪರೀಕ್ಷೆಯಲ್ಲಿ ಹೋಯಿತು, ಎರಡು ಸಲ. ಇಲ್ಲಿ ಜನ ಬೇಕಿತ್ತು. ಬಂದೆ." ಚಾದರವನ್ನು ಒಟ್ಟಿನ ಮೇಲಿಟ್ಟು ತಟ್ಟಿದಳು. "ಅಮ್ಮನಿಗೆ ಹೇಳಬೇಡ ಲಿಲ್ಲಿ. ಅವಳಿಗೆ ನಾಚಿಕೆಯಾಗುತ್ತದೆ."

ಯಂತ್ರ ಒಂದು ಸುತ್ತು ಮುಗಿಸಿ ನಿಂತಿತು. ಆ ಮೌನದಲ್ಲಿ ನನ್ನ ಮಾತು ನನಗೇ ಗಟ್ಟಿಯಾಗಿ ಕೇಳಿಸಿತು.

"ಬಾಯಿ, ನಾನು ಒಮಾನಿಗೆ ಹೋದದ್ದು ಊರಿನಲ್ಲಿ ಹೇಳಿದ ಹಾಗೆ ಆಫೀಸು ಕೆಲಸಕ್ಕಲ್ಲ. ಮತ್ರಾದಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ. ಮಕ್ಕಳು ಮಲಗಿದ ಮೇಲೆ ಪಾತ್ರೆ, ಬಟ್ಟೆ, ನೆಲ ಎಲ್ಲ. ಮದುವೆಯಾಗುವ ತನಕ ಅದೇ. ಕ್ಲಿನಿಕ್ಕು ಆಮೇಲೆ ಸಿಕ್ಕಿದ್ದು. ಆಲ್ಫೋನ್ಸ್ ಬಿಟ್ಟು ಯಾರಿಗೂ ಗೊತ್ತಿಲ್ಲ."

"ಹೊಡೆಯುತ್ತಿದ್ದರಾ?"

"ಇಲ್ಲ. ಒಳ್ಳೆಯವರು. ಈದ್‌ಗೆ ಹೊಸ ಬಟ್ಟೆ ಕೊಡುತ್ತಿದ್ದರು. ಸಣ್ಣ ಮಗು ನನ್ನ ಹತ್ತಿರವೇ ಮಲಗುತ್ತಿತ್ತು."

"ಮತ್ತೆ ನಿನಗೆಂತ ನಾಚಿಕೆ?"

"ನಿನಗೆಂತ?"

ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಮೇಲಿನಿಂದ ಒಬ್ಬ ಸಿಸ್ಟರ್ ಬಂದು ಇಣುಕಿ ಹೋದಳು. ಕತ್ತಲಾಗುವ ತನಕ ನಾವು ಮಡಚಿದೆವು. ಅಪ್ಪ ಕುಡಿದು ಬಂದ ರಾತ್ರಿಗಳು, ಹಲಸಿನ ಮರದಿಂದ ಬಿದ್ದ ಅವಳ ಗೆಳತಿ, ದನ ಮಾರಿದ್ದು, ನನಗೆ ಮಕ್ಕಳಾಗದ್ದು, ಒಂದೂ ಬಿಡದೆ ಮಾತಾಡಿದೆವು. ಮದರ್ ಕೂಡ ಒಮ್ಮೆ ಬಂದರು. ನಾನು ಚಾದರ ಕೆಳಗಿಟ್ಟು ಕೈಮುಗಿದು, ನನ್ನ ಗಂಡನ ಮಾತಿಗೆ ಕ್ಷಮಿಸಿ ಎಂದೆ. ಅಕ್ಕ ಹೇಳುವ ಮೊದಲೇ ಅವರಿಗೆ ಅರ್ಥವಾಯಿತು. ನನ್ನ ಹೆಗಲು ತಟ್ಟಿ, ನಾವು ಮಡಚಿದ ರಾಶಿಯನ್ನು ನೋಡಿ, "ಬ್ರಾವಾ" ಎಂದು ಮೆಚ್ಚಿ ಹೋದರು.

ಕೊನೆಯ ಸಣ್ಣ ರೈಲಿಗೆ ಹೊರಟೆ. ಅಕ್ಕ ಆ ಬೂಟುಗಳಲ್ಲೇ ಗೇಟಿನ ತನಕ ಬಂದು ಒರಟಾದ, ಬೆಚ್ಚಗಿನ ಕೈಗಳಿಂದ ನನ್ನ ಕೆನ್ನೆ ಹಿಡಿದಳು. ಈ ಸಲ ಇಬ್ಬರೂ ಅಳಲಿಲ್ಲ.

ವೆರೋನಾದಲ್ಲಿ ಇವರು ಪ್ಲಾಟ್‌ಫಾರ್ಮಿನ ತುದಿಯಲ್ಲೇ ನಿಂತಿದ್ದರು. "ಸಿಸ್ಟರ್ ಎಂತ ಹೇಳಿದರು? ಮದರ್ ಎಂತ ಹೇಳಿದರು?" ಎಂದು ಎರಡೆರಡು ಸಲ ಕೇಳಿದರು. ಮರುದಿನದ ಗಾಡಿ ಹೊತ್ತಿಗೆ ಸರಿಯಾಗಿ ಬಂತು, ಶನಿವಾರ ಇವರು ಕೆಲಸಕ್ಕೆ ಹಾಜರಾದರು.

ರೂವಿಗೆ ಬಂದ ಮೇಲೆ

ಮುಷ್ಕರದ ಕಥೆ ಏನಾಯಿತು ಎಂದು ರಾವ್ ಅವರು ಕೇಳಿದರೆ ಇವರು ಹಿಮದ ಬಗ್ಗೆ ಮಾತಾಡತೊಡಗುತ್ತಿದ್ದರು. ನಾನು ಬಿಡಿಸಿ ಹೇಳಲಿಲ್ಲ.

ಊರಿನಲ್ಲಿ ನಮ್ಮ ಮನೆಗೆ ಆಗ ಫೋನಿರಲಿಲ್ಲ. ಭಾನುವಾರ ಪಕ್ಕದ ಮನೆಗೆ ಅಮ್ಮ ಬಂದು ಕಾಯುತ್ತಿದ್ದಳು. ರೂವಿಯ ಬೀದಿ ಬದಿಯ ಬೂತಿನಲ್ಲಿ ಕಾರ್ಡು ತೂರಿಸಿ ನಂಬರು ಒತ್ತಿದೆ. ಅಮ್ಮನಿಗೆ ಫೋನೆಂದರೆ ಕೂಗುವುದು.

"ಕಂಡಿಯಾ ಅವಳನ್ನು? ಸೌಖ್ಯವುಂಟಾ? ಆಸ್ಪತ್ರೆ ದೊಡ್ಡದುಂಟಾ? ಅವಳು ಸೂಜಿ ಚುಚ್ಚುವುದನ್ನು ಕಂಡಿಯಾ?"

ಪಕ್ಕದ ಮನೆಯವರೆಲ್ಲ ಸುತ್ತ ನಿಂತು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೌದು ಎನ್ನಲು ನಾಲಗೆ ಏಳಲಿಲ್ಲ. ಇಲ್ಲ ಎಂದರೆ ಅಕ್ಕ ಹೇಳಬೇಡವೆಂದದ್ದನ್ನು ಹೇಳಿದ ಹಾಗಾಗುತ್ತದೆ. ಹೇಳಬೇಕಾದದ್ದನ್ನು ಬಿಟ್ಟು ನನ್ನದನ್ನು ಹೇಳಿಬಿಟ್ಟೆ.

"ಅಮ್ಮಾ, ನಾನು ಮದುವೆಗೆ ಮೊದಲು ಇಲ್ಲಿ ಮನೆಗೆಲಸ ಮಾಡುತ್ತಿದ್ದೆ. ಆಫೀಸಿನಲ್ಲಲ್ಲ."

  ಅಮ್ಮ ಜೀವಮಾನದಲ್ಲಿ ಮೊದಲ ಸಲ ಫೋನಿನಲ್ಲಿ ಕೂಗದೆ, ಪಕ್ಕದವರಿಗೆ ಕೇಳಿಸದ ಹಾಗೆ ಮಾತಾಡಿದಳು.

"ಗೊತ್ತುಂಟು ಮಗಾ. ಮದುವೆಯ ಮುನ್ನಾದಿನ ರೋಸಿನ ಶಾಸ್ತ್ರದಲ್ಲಿ ನಿನ್ನ ಮೈ ಕೈಗೆ ತೆಂಗಿನ ಹಾಲು ಹಚ್ಚಿದ್ದು ನಾನಲ್ಲವಾ? ಆಫೀಸಿನವರ ಕೈ ಹಾಗಿರುವುದಿಲ್ಲ."

ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಹೊರಗೆ ಯಾರೋ ಸರದಿಗೆ ಕಾಯುತ್ತಿದ್ದರು.

"ಲಿಲ್ಲಿ," ಎಂದಳು ಅಮ್ಮ, ಇನ್ನೂ ಸಣ್ಣ ದನಿಯಲ್ಲಿ. "ಅವಳ ಕೈ ಹೇಗುಂಟು?"

"ಬೆಚ್ಚಗುಂಟು ಅಮ್ಮಾ," ಎಂದೆ.